ಗೊರ್ ಅನ್ನುವ ಹಳೇ ಡಿಸ್ಕು

ಸುಂದ್ರಮ್ಮ ಅಂತ ಒಬ್ಬಳಿದ್ದಳು ಮಕ್ಕಳಾ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು. ರವಿಕೆ ಅಳತೆ, ಕಸೂತಿ ಚಿತ್ರ ಇಟ್ಟುಕೊಳ್ಳೋಕೆ ಅವಳ ಹತ್ತಿರ ಒಂದು ಪುಟ್ಟ ಕಂಪ್ಯೂಟರಿತ್ತು. ಬಲು ನಿಧಾನ. ಗುಂಡಿ ಒತ್ತಿ, ಒಳಗೆ ಹೋಗಿ ಮುದ್ದೆ ತಿರುವಿ ಬಂದರೂ ಅದು ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕೊರಗೊಂದಿತ್ತು ಅವಳಿಗೆ. ಅವಳ ತಾಯಿ ಹೊನ್ನಾಜಮ್ಮ ರಾಗಿ ಬೀಸುತ್ತಾ ಹಾಡುತ್ತಿದ್ದ ಪದವನ್ನು ಒಮ್ಮೆ ಫೋನಿನಲ್ಲಿ ಹಿಡಿದಿದ್ದಳು. ತಾಯಿ ತೀರಿಕೊಂಡಳು. ಫೋನು ನೀರಿನ ತೊಟ್ಟಿಗೆ ಬಿತ್ತು. ಪದದ ಕೊನೆ ಸಾಲು ಯಾರಿಗೂ ನೆನಪಿಲ್ಲ.

ರಿಪೇರಿ ಮಾಡುವ ಜಬೀ ಬಂದ. ಬಿಸ್ಕತ್ತಿನಷ್ಟು ತೆಳ್ಳಗಿನ ಹೊಸ ಡಿಸ್ಕು ತಂದಿದ್ದ.

"ಇದರೊಳಗೆ ತಿರುಗೋದು ಏನೂ ಇಲ್ಲಕ್ಕ, ಅದಕ್ಕೇ ಚುರುಕು. ಹಳೇದರಲ್ಲಿ ತಟ್ಟೆ ತಿರುಗ್ತದೆ, ರಾಗಿಕಲ್ಲಿನ ಹಾಗೆ."

"ಹಂಗಾದ್ರೆ ಆ ಗೊರ್ ಅನ್ನೋ ಹಳೇದನ್ನ ಕಿತ್ತು ಗುಜರಿಗೆ ಹಾಕು."

"ಒಳಗೇನೈತೆ ನೋಡಿದ್ದೀರಾ?"

"ಹಳೇ ಅಳತೆ. ಆ ಹೆಂಗಸರೆಲ್ಲ ಈಗ ಎರಡರಷ್ಟಾಗವ್ರೆ. ಯಾಕೋ, ನಿಮ್ಮಜ್ಜಿ ಅದರೊಳಗೆ ಕೂತವಳಾ?"

ಜಬೀ ನಕ್ಕ. "ಹೊಸದರ ಪಕ್ಕದಲ್ಲೇ ಇದಕ್ಕೂ ಜಾಗ ಐತೆ. ಎದ್ದು ಓಡಾಡೋ ಕೆಲಸ ಹೊಸದು ಮಾಡಲಿ, ಕೂಡಿಡೋ ಕೆಲಸ ಇದು ಮಾಡಲಿ. ನೀರಿಗೆ ಬಿತ್ತಲ್ಲ ನಿಮ್ಮ ಫೋನು, ಅದಕ್ಕೂ ಮುಂಚೆ ಅದು ತುಂಬೋಗೈತೆ ಅಂತ ಒಂದ್ಸಲ ಎಲ್ಲಾನೂ ಇದಕ್ಕೇ ಸುರಿದಿದ್ದೆ ನಾನು, ನೆನಪೈತಾ?"

ಸುಂದ್ರಮ್ಮನ ಕೈಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು.

ನಮ್ಮ ಕಾಲದಲ್ಲೂ ಹೀಗೇ ಆಯ್ತು ಮಕ್ಕಳಾ. ಊರಿಗೆ ಹಿಟ್ಟಿನ ಮಿಲ್ಲು ಬಂದಾಗ ರಾಗಿಕಲ್ಲನ್ನ ಬಚ್ಚಲಿಗೆ ಹಾಕಿ ಅದರ ಮೇಲೆ ಬಟ್ಟೆ ಒಗೆದೆವು. ಕಲ್ಲಿನ ಜೊತೆ ಪದವೂ ಹೋಯ್ತು. ಹೊನ್ನಾಜಮ್ಮ ಮಾತ್ರ ದಿನದ ಹಿಟ್ಟಿಗೆ ಮಿಲ್ಲು, ಹುರಿಹಿಟ್ಟಿಗೆ ಕಲ್ಲು ಅಂತ ಎರಡನ್ನೂ ಇಟ್ಟುಕೊಂಡಳು. ಪದ ಅವಳ ಬಾಯಲ್ಲಿ ಉಳಿಯಿತು.

ಎರಡೂ ಡಿಸ್ಕು ಅಕ್ಕಪಕ್ಕ ಕೂತವು. ಗುಂಡಿ ಒತ್ತಿದರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಕಂಪ್ಯೂಟರು ಎದ್ದಿತು. ಹಳೇದು ಗೊರ್ ಅಂತ ತಿರುಗಿತು. ಹುಡುಕುತ್ತಾ ಹುಡುಕುತ್ತಾ ಪದ ಸಿಕ್ಕಿತು. ಹಳೇ ಡಿಸ್ಕಿಗೂ ವಯಸ್ಸಾಯ್ತು ಅಂತ ಜಬೀ ಮೊದಲು ಪದದ ಒಂದು ನಕಲನ್ನ ಹೊಸದರಲ್ಲೂ ಇಳಿಸಿದ. ಆಮೇಲೆ ಪದ ಹಾಕಿದ.

ಕಲ್ಲಿನ ಸದ್ದು. ಅದರ ಮೇಲೆ ಹೊನ್ನಾಜಮ್ಮನ ದನಿ, ಕೊನೆ ಸಾಲಿನವರೆಗೂ. ಪದ ಮುಗಿದ ಮೇಲೆ ಒಂದು ಗದರಿಕೆ: "ಸುಂದ್ರೀ, ಅದೇನು ಹಿಡ್ಕೊಂಡು ನಿಂತಿದ್ದೀ, ಹಿಟ್ಟು ಬಾಚು ಬಾ."

"ಬಂದೆ ಕಣವ್ವ," ಅಂದಳು ಸುಂದ್ರಮ್ಮ.

ನೀತಿ: ಹೊಸದು ಬಂತು ಅಂತ ಹಳೇದನ್ನ ಹೊರಗೆ ಹಾಕಬೇಡಿ. ಅದಕ್ಕೆ ಒಪ್ಪುವ ಕೆಲಸ ಕೊಟ್ಟು ಪಕ್ಕದಲ್ಲೇ ಕೂರಿಸಿ.