ಮೌನವ್ರತದವನು ಮುಂದೆ ನಡೆದ ದಿನ

ಬೆಟ್ಟದ ಮೇಲಿನ ಆಶ್ರಮದಲ್ಲಿ ಉಮಾಪತಿ ಎಂಬ ಶಿಷ್ಯನಿದ್ದ. ಆ ಮಳೆಗಾಲ ಅವನು ಮೌನವ್ರತ ಹಿಡಿದಿದ್ದ. ವ್ರತ ಮುಗಿದ ದಿನ ಗುರುಗಳು ಅವನಿಗೆ ದೀಕ್ಷೆ ಕೊಡುವವರಿದ್ದರು.

ಮಾತು ಬಿಟ್ಟ ಮೇಲೆ ಅವನ ಗತ್ತು ಹೆಚ್ಚಿತ್ತು. ಬಂದ ಭಕ್ತರೆಲ್ಲ ಮೊದಲು ಅವನಿಗೇ ಕೈಮುಗಿಯುತ್ತಿದ್ದರು. ಅವನು ಕಣ್ಣು ಅರೆಮುಚ್ಚಿ ತಲೆಯಾಡಿಸುತ್ತಿದ್ದ. ನೋಡಿ ನೋಡಿ ಗುರುಗಳಿಗೆ ಮೈ ಉರಿಯುತ್ತಿತ್ತು.

ಒಂದು ದಿನ ಇಬ್ಬರೂ ಊರಿನಿಂದ ಹಿಂದಿರುಗುವಾಗ ಮಳೆ ಹಿಡಿಯಿತು. ದಾರಿಯಲ್ಲಿ ಬೆಟ್ಟದ ಹಟ್ಟಿಯ ಚಿಕ್ಕತಾಯಮ್ಮ ಜೊತೆಯಾದಳು. ಗಿರಣಿಯಲ್ಲಿ ಬೀಸಿಸಿದ ರಾಗಿ ಹಿಟ್ಟಿನ ಗಂಟು ಕಂಕುಳಲ್ಲಿತ್ತು, ತಲೆಯ ಮೇಲೆ ಕಂಬಳಿಕೊಪ್ಪೆ. ಗುರುಗಳನ್ನು ಬಲ್ಲಳು, ಶಿಷ್ಯನನ್ನು ಎಂದೂ ಕಂಡವಳಲ್ಲ.

ಕಾಡಿನ ಕಾಲುದಾರಿ. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಜಾರುವ ಬಂಡೆ, ಆನೆ ಲದ್ದಿ, ಹಾವು, ಏನು ಕಂಡರೂ ಮುಂದಿನವನು ಕೂಗಿ ಹೇಳಬೇಕು. ಆ ಬೆಟ್ಟದಲ್ಲಿ ಎಲ್ಲರೂ ನಡೆಯುತ್ತಿದ್ದುದು ಹಾಗೆಯೇ.

"ನೀನು ಕೊನೆಗೆ ಬಾ," ಎಂದರು ಗುರುಗಳು. "ಕೂಗದವನಿಗೆ ಮುಂದೇನು ಕೆಲಸ?"

ಉಮಾಪತಿ ಕೇಳಿಸದವನಂತೆ ಮುಂದೆ ಹೋದ. ಮೊದಲು ಹೋದವನ ಹೆಜ್ಜೆಗೆ ಜಿಗಣೆಗಳು ಎಚ್ಚರಗೊಂಡು ಹಿಂದೆ ಬರುವವರ ಕಾಲಿಗೆ ಹತ್ತುತ್ತವೆ. ಅಷ್ಟು ಲೋಕಜ್ಞಾನ ಅವನಿಗಿತ್ತು.

"ಹೋಗ್ಲಿ ಬುಡಿ ಬುದ್ಧಿ," ಎಂದಳು ಚಿಕ್ಕತಾಯಮ್ಮ. "ಎದೆಹಾಲಿನ ಕೂಸ್ನ ಮನೇಲಿ ಬುಟ್ಟು ಬಂದಿವ್ನಿ. ಬಿರ್ರನೆ ನಡೀರಿ."

ಒಂದು ತಿರುವಿನಲ್ಲಿ ಉಮಾಪತಿ ಥಟ್ಟನೆ ನಿಂತ. ದಾರಿಯ ನಡುವೆ, ಒದ್ದೆ ತರಗೆಲೆಗಳಲ್ಲಿ, ಕೊಳಕುಮಂಡಲ ಹಾವು ಸುತ್ತಿಕೊಂಡು ಮಲಗಿತ್ತು. ಅವನು ಬಳಸಿ ದಾಟಿದ. ದಾಟಿ, ತಿರುಗಿ, ಕೈ ಎತ್ತಿದ.

ಕೊಪ್ಪೆ ಮುಖದ ಮೇಲೆ ಇಳಿದಿತ್ತು. ಚಿಕ್ಕತಾಯಮ್ಮನಿಗೆ ಆ ಕೈ ಕಾಣಲಿಲ್ಲ. ಅವಳು ಬರುತ್ತಲೇ ಇದ್ದಳು.

ಅವನು ಕೈ ಬೀಸಿದ. ಇನ್ನೂ ಜೋರಾಗಿ ಬೀಸಿದ. ಬಾಯಿ ಮಾತ್ರ ತೆರೆಯಲಿಲ್ಲ.

ಹಿಂದಿದ್ದ ಗುರುಗಳಿಗೆ ಆ ಕೈ ಕಂಡಿತು. "ತಾಯಿ, ನಿಲ್ಲು!" ಎಂದು ಕಿರುಚಿ ಅವಳ ಕಂಬಳಿ ಹಿಡಿದೆಳೆದರು. ಹಾವು ಎಗರಿ ಕಂಬಳಿಯ ಅಂಚನ್ನು ಕಚ್ಚಿತು. ಆಮೇಲೆ ಪೊದೆಯೊಳಗೆ ಸರಿದುಹೋಯಿತು.

ಚಿಕ್ಕತಾಯಮ್ಮ ಕೆಸರಿಗೆ ಬಿದ್ದಳು. ಕಾಲು ಉಳುಕಿತು. ಹಿಟ್ಟೆಲ್ಲ ಮಳೆನೀರಿನ ಪಾಲಾಯಿತು.

"ಅಲ್ಲ ಬುದ್ಧಿ, ಹಾವ ಕಂಡ್ರಲ್ಲ!" ಅವಳು ಉಮಾಪತಿಯ ಮೇಲೆ ಹರಿಹಾಯ್ದಳು. "ಒಂದ್ ಮಾತು ಹೇಳಕ್ಕೆ ನಿಮ್ಗೇನಾಗಿತ್ತು? ನಾ ಸತ್ತಿದ್ರೆ ನನ್ ಕೂಸಿಗೆ ಯಾರು ದಿಕ್ಕು?"

ಉಮಾಪತಿ ಪ್ರಶಾಂತವಾಗಿ ತುಟಿಯ ಮೇಲೆ ಬೆರಳಿಟ್ಟ.

ಗುರುಗಳ ಮುಖ ಕೆಂಪೇರಿತು. ಕೈಯಲ್ಲಿದ್ದ ಕೋಲು ಮೇಲೆದ್ದಿತು. ಹೊಡೆದಿದ್ದರೂ ತಪ್ಪೇನಿರಲಿಲ್ಲ. ಹೊಡೆಯಲಿಲ್ಲ, ಕೋಲನ್ನು ಕಾಡಿಗೆ ಎಸೆದರು.

"ಅವನನ್ನೇನು ಕೇಳ್ತೀಯಮ್ಮ?" ಎಂದರು. "ಅವನು ಹುಟ್ಟು ಮೂಗ. ಬುದ್ಧಿಯೂ ಅಷ್ಟಕ್ಕಷ್ಟೆ. ಎಲ್ಲೂ ಗತಿಯಿಲ್ಲ ಅಂತ ಕಸ ಗುಡಿಸೋಕೆ ಇಟ್ಟುಕೊಂಡಿದ್ದೀನಿ."

ಚಿಕ್ಕತಾಯಮ್ಮನ ಸಿಟ್ಟು ಇಳಿದುಹೋಯಿತು.

"ಅಯ್ಯೋ ಪಾಪ, ಮೂಗನಾ? ನಂಗೊತ್ತಾಗ್ನಿಲ್ಲ ಕಣಪ್ಪ, ಬಯ್ದುಬುಟ್ಟೆ. ತಪ್ಪಾಯ್ತು."

"ನಾನು ಮೂಗನಲ್ಲ!" ಉಮಾಪತಿ ಅಬ್ಬರಿಸಿದ. "ಶಾಸ್ತ್ರ ಓದಿದವನು ನಾನು! ಮೌನವ್ರತದಲ್ಲಿದ್ದೇನೆ! ಹೇಳಿ ಗುರುಗಳೇ, ಇವಳಿಗೆ ಹೇಳಿ ನಾನು ಯಾರು ಅಂತ!"

ಮಳೆಯ ಸದ್ದನ್ನು ಮೀರಿ ಆ ದನಿ ಕಾಡಿನಲ್ಲೆಲ್ಲ ಕೇಳಿಸಿತು.

ಗುರುಗಳು ಅವನ ಕಡೆ ನೋಡಲೂ ಇಲ್ಲ. ಬಗ್ಗಿ ಚಿಕ್ಕತಾಯಮ್ಮನನ್ನು ಎಬ್ಬಿಸಿ, ಅವಳ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

"ಕೇಳಿದೆಯಾ ತಾಯಿ? ಎಂಥ ಗಂಟಲು ನೋಡು! ನಿನ್ನ ಜೀವ ಹೋಗುವಾಗ ಏಳಲಿಲ್ಲ. ತನ್ನ ಮಾನ ಹೋಗುವಾಗ ಎದ್ದಿತು."