ತೆರೆಯ ಕೆಲಸ ಯಾಕೆ ಮುಗಿಯಲಿಲ್ಲ

ಲೋಕದ ಮೈಯಿಂದ ಇನ್ನೂ ಹಸಿ ಮಣ್ಣಿನ ವಾಸನೆ ಹೋಗಿರದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕು ಅಂತ ಜಗಳ ಆಡುತ್ತಿದ್ದವು. ಮೀನುಗಳು ಈಜು ಕಲಿಯುತ್ತಿದ್ದವು. ಆಗ ಕಂಪ್ಯೂಟರ್ ಇರಲಿಲ್ಲ ಮಗೂ. ಆದರೆ ಲೂಪ್ ಇತ್ತು.

ಲೂಪ್ ಅಂದರೆ ನಿಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಹೇಳಿಕೊಡುತ್ತಾರಲ್ಲ, ಅದೇ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಅನ್ನುವುದು; ಎಲ್ಲಿಯವರೆಗೆ ಅನ್ನುವುದನ್ನೂ ಮೊದಲೇ ಹೇಳಿಬಿಡುವುದು. ಆ ಕಾಲದಲ್ಲಿ ಹಾಗೆ ಹೇಳುವ ಯಜಮಾನಿಕೆ ಇದ್ದದ್ದು ಕಡಲಮ್ಮನಿಗೆ. ಉಪ್ಪಿನ ಹಾಸಿಗೆಯ ಮೇಲೆ ಒರಗಿಕೊಂಡೇ ಅವಳು ಎಲ್ಲರಿಗೂ ಕೆಲಸ ಹಚ್ಚುತ್ತಿದ್ದಳು.

ಗಾಳಿಗೆ ಹೇಳಿದಳು, "ಮೂರು ಸಲ ಊದು." ಗಾಳಿ ಒಂದು, ಎರಡು, ಮೂರು ಅಂತ ಎಣಿಸಿ ಊದಿದ. ಮುಗಿಯಿತು. ತೆಂಗಿನ ಮರದ ಮೇಲೆ ಕೂತು ಕಾಲಾಡಿಸಿದ.

ಮಳೆಗೆ ಹೇಳಿದಳು, "ಕೆರೆ ತುಂಬುವವರೆಗೆ ಸುರಿ." ಮಳೆ ಸುರಿದ, ನೋಡಿದ, ತುಂಬಿರಲಿಲ್ಲ. ಸುರಿದ, ನೋಡಿದ, ತುಂಬಿತ್ತು. ಪ್ರತಿ ಸಲವೂ ಕೆರೆ ಒಂದಿಷ್ಟು ಮೇಲೇರುತ್ತಿತ್ತಲ್ಲ, ಹಾಗಾಗಿ ಅವನ ಕೆಲಸವೂ ಮುಗಿಯಿತು. ಮೋಡ ಹೊದ್ದು ಮಲಗಿದ.

ಕಡಲಮ್ಮನಿಗೆ ಒಬ್ಬ ಸೊಸೆ ಇದ್ದಳು. ಹೆಸರು ತೆರೆ, ಹೊಳೆಯಮ್ಮನ ಮಗಳು. ಗಂಡ ಎಲ್ಲಿ ಅಂತ ಕೇಳಬೇಡ. ಇಂಥ ಕಥೆಗಳಲ್ಲಿ ಗಂಡ ಯಾವಾಗಲೂ ಎಲ್ಲೋ ಹೋಗಿರುತ್ತಾನೆ.

ಒಂದು ಬೇಸಿಗೆಯಲ್ಲಿ ಗಾಳಿ ಓಡೋಡಿ ಬಂದ. "ತಂಗೀ, ನಿಮ್ಮಮ್ಮನ ಮೈಯಲ್ಲಿ ಕಲ್ಲು ಎದ್ದು ಕಾಣ್ತಿವೆ. ಅಷ್ಟು ಸೊರಗಿದ್ದಾಳೆ. ಮಗಳನ್ನ ಒಂದು ಸಲ ನೋಡ್ಬೇಕು ಅಂತಾಳೆ. ಬೇಗ ಹೊರಡು."

ತೆರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಅತ್ತೆಯ ಹಾಸಿಗೆಯ ಹತ್ತಿರ ಹೋಗಿ ನಿಂತಳು.

"ಅತ್ತೇ, ಅಮ್ಮನ್ನ ನೋಡ್ಕೊಂಡು ಬರ್ಲಾ?"

"ಹೋಗು. ನಾನೇನು ಬೇಡ ಅಂದ್ನಾ?" ಕಡಲಮ್ಮ ಆಕಳಿಸಿದಳು. "ದಡ ಮಾತ್ರ ಗಲೀಜಾಗಿದೆ, ಒರೆಸಿಟ್ಟು ಹೋಗು. ಸರಿಯಾಗಿ ಕೇಳಿಸ್ಕೋ. ಮರಳ ಮೇಲೆ ಗುರುತು ಕಾಣುತ್ತಿರುವಷ್ಟು ಹೊತ್ತೂ ಹೀಗೆ ಮಾಡು: ಮೇಲೆ ಹೋಗು, ಒರೆಸು, ಹಿಂದೆ ಬಾ, ನೋಡು. ಗುರುತು ಕಂಡರೆ ಮತ್ತೆ ಹೋಗು. ಒಂದೂ ಕಾಣದಿದ್ದರೆ ಅಲ್ಲಿಂದಲೇ ಹೊರಡು. ನನ್ನನ್ನ ಎಬ್ಬಿಸಬೇಡ."

ಎಷ್ಟು ಒಳ್ಳೆಯ ಅತ್ತೆ ಅಂದುಕೊಂಡಳು ತೆರೆ. "ಆಯ್ತು ಅತ್ತೆ" ಅಂದಳು. ಆ ಕಾಲದಲ್ಲಿ ಆಯ್ತು ಅಂದರೆ ಮುಗಿಯಿತು. ಆ ಮಾತು ಕಾಲಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತಿತ್ತು. ಹೇಳಿರದ ಕಡೆಗೆ ಒಂದು ಹೆಜ್ಜೆ ಇಡಲೂ ಬರುತ್ತಿರಲಿಲ್ಲ.

ತೆರೆ ನೊರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೇಲೆ ಹೋದಳು, ಒರೆಸಿದಳು, ಹಿಂದೆ ಬಂದಳು, ನೋಡಿದಳು. ಹಕ್ಕಿಗಳ ಕಾಲಿನ ಗುರುತು ಹೋಗಿತ್ತು. ಮತ್ತೆ ಹೋದಳು, ಒರೆಸಿದಳು, ಬಂದಳು, ನೋಡಿದಳು. ಆಮೆ ಹೊಟ್ಟೆ ಎಳೆದುಕೊಂಡು ಹೋದ ಗುರುತೂ ಹೋಗಿತ್ತು. ಉಳಿದದ್ದು ಒಂದೇ. ಪುಟ್ಟ ಬಿಲ, ಅದರ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು.

"ಇದೊಂದು ಸಲ. ಆಮೇಲೆ ಅಮ್ಮನ ಹತ್ತಿರ," ಅಂದುಕೊಂಡು ಹೋಗಿ ಒರೆಸಿದಳು. ಹಿಂದೆ ಬಂದು ನೋಡಿದಳು.

ಬಿಲ. ಸುತ್ತ ಉಂಡೆಗಳು.

ಹೋದಳು, ಒರೆಸಿದಳು, ಬಂದಳು, ನೋಡಿದಳು. ಬಿಲ. ಸುತ್ತ ಉಂಡೆಗಳು.

"ಯಾರೇ ಅದು ಒಳಗೆ?" ತೆರೆ ಕೂಗಿದಳು.

ಬಿಲದಿಂದ ಏಡಿ ತಲೆ ಹೊರಗೆ ಹಾಕಿತು, ಇಕ್ಕಳದಂಥ ಕೊಂಬಿನಲ್ಲಿ ಒಂದು ಉಂಡೆ ಹಿಡಿದುಕೊಂಡೇ. "ಯಾರು ಅಂತ ನಾನು ಕೇಳ್ಬೇಕು. ಬಾಗಿಲು ತಟ್ಟದೆ ಮನೆಯೊಳಗೆ ಮರಳು ಸುರಿದು ಹೋಗೋಳು ನೀನು!"

"ನಿನ್ನ ಉಂಡೆ ಹೊರಗೆ ಇಡಬೇಡ ಏಡಿಯಕ್ಕ. ಒಂದೇ ಒಂದು ಸಲ. ನಾನು ಅಮ್ಮನ ಮನೆಗೆ ಹೋಗ್ಬೇಕು."

"ಒಳಗೆ ಮಕ್ಕಳಿದ್ದಾವೆ ಕಣೇ. ಮರಳು ತುಂಬಿದರೆ ಉಸಿರು ಕಟ್ಟುತ್ತೆ. ನಿನ್ನತ್ತೆ ನನಗೂ ಕೆಲಸ ಹಚ್ಚಿದ್ದಾಳೆ: ಮನೆಯಲ್ಲಿ ಮರಳು ಇರುವವರೆಗೆ ಹೊರಗೆ ಹಾಕು ಅಂತ. ನೀನು ಬರೋದು ನಿಲ್ಲಿಸು, ನಾನು ನಿಲ್ಲಿಸ್ತೀನಿ."

"ನೀನು ನಿಲ್ಲಿಸಿದರೆ ತಾನೇ ನಾನು ನಿಲ್ಲಿಸೋದು!"

ಮಾತು ಮುಗಿಯುವ ಮೊದಲೇ ಹಗ್ಗ ಎಳೆಯಿತು. ತೆರೆ ಮೇಲೆ ಹೋದಳು, ಒರೆಸಿದಳು, ಹಿಂದೆ ಬಂದಳು, ನೋಡಿದಳು.

ಮೇಲಿಂದ ನೋಡುತ್ತಿದ್ದ ಗಾಳಿಗೆ ಮೊದಲು ಹೊಳೆಯಿತು. "ಅಯ್ಯೋ ತಂಗೀ, ನೀನು ಒರೆಸೋದ್ರಿಂದಲೇ ಗುರುತು ಹುಟ್ಟುತ್ತಿದೆಯಲ್ಲೇ! ಮಳೆ ಸುರಿದಷ್ಟೂ ಕೆರೆ ತುಂಬುತ್ತಿತ್ತು. ನೀನು ಒರೆಸಿದಷ್ಟೂ ಏಡಿ ಉಂಡೆ ಹೊರಗೆ ಹಾಕ್ತಾಳೆ. ಇದು ಮುಗಿಯೋ ಕೆಲಸ ಅಲ್ಲ."

"ಅತ್ತೆಗೆ ಹೇಳಣ್ಣ. ಮಾತು ಬದಲಾಯಿಸಲಿ. ಹತ್ತು ಸಲ ಅನ್ನಲಿ, ಸಾವಿರ ಸಲ ಅನ್ನಲಿ, ಒರೆಸ್ತೀನಿ. ಲೆಕ್ಕ ಒಂದು ಇರಲಿ."

ಗಾಳಿ ಹೋಗಿ ಕಡಲಮ್ಮನ ಕಿವಿಯಲ್ಲಿ ಊದಿದ. ಅವಳು ಕಣ್ಣು ಬಿಡದೆ ಹೇಳಿದಳು, "ನಾನು ಹೋಗಬೇಡ ಅಂದಿಲ್ಲವಲ್ಲಪ್ಪ. ಮುಗಿಸಿ ಹೋಗಲಿ. ಇಷ್ಟು ಸಣ್ಣ ಕೆಲಸ, ಇಷ್ಟು ಹೊತ್ತು ಮಾಡ್ತಾಳಾ?" ಮಗ್ಗುಲು ಬದಲಾಯಿಸಿ ಮಲಗಿದಳು. ಅವಳೇನು ಸುಳ್ಳು ಹೇಳಲಿಲ್ಲ, ನೋಡು. ಅದೇ ದೊಡ್ಡ ಕಷ್ಟ.

ಬೇಸಿಗೆ ಬಲಿಯಿತು. ಕಾದು ಕಾದು ಸಾಕಾಗಿ ಹೊಳೆಯಮ್ಮ ತಾನೇ ಹೊರಟಳು. ನೂಲಿನ ಎಳೆಯಷ್ಟು ಸಣ್ಣಗಾಗಿದ್ದವಳು ಕಡಲಿನ ಬಾಗಿಲವರೆಗೂ ತೆವಳಿಕೊಂಡು ಬಂದಳು. ಅಲ್ಲಿ ಮರಳ ದಿಬ್ಬ ಅಡ್ಡ ಇತ್ತು. ದಾಟುವ ಶಕ್ತಿ ಇರಲಿಲ್ಲ. ಅಲ್ಲೇ ಕೂತುಬಿಟ್ಟಳು.

"ಮಗಾ," ಅಂತ ಕರೆದಳು.

"ಬಂದೆ ಅಮ್ಮ. ಇದೊಂದು ಸಲ," ಅಂದಳು ತೆರೆ.

ಬೇಸಿಗೆಯುದ್ದಕ್ಕೂ ಅದೇ. ದಿಬ್ಬದ ಆಚೆ "ಮಗಾ", ಈಚೆ "ಇದೊಂದು ಸಲ". ಆಮೇಲೆ ಮಳೆಗೆ ಎಚ್ಚರವಾಯಿತು. ಒಂದು ಬೆಳಿಗ್ಗೆ ಹೊಳೆಯಮ್ಮ ಕೆಂಪಗೆ ಉಕ್ಕಿ, ದಿಬ್ಬ ಒಡೆದು, ಎರಡೂ ಕೈ ಚಾಚಿ ಮಗಳ ಕಡೆಗೆ ಓಡಿ ಬಂದಳು. ಅಷ್ಟು ಹೊತ್ತಿಗೆ ತೆರೆ ದಡದ ಮೇಲೆ ಒರೆಸುತ್ತಿದ್ದಳು. ಅಮ್ಮನ ದನಿ ಬೆನ್ನ ಹಿಂದೆ ಕೇಳಿತು. 'ಹಿಂದೆ ಬಾ' ಅನ್ನುವ ಸರದಿ ಕೆಲಸದಲ್ಲಿ ಇನ್ನೂ ಬಂದಿರಲಿಲ್ಲ.

ಒರೆಸಿ ಹಿಂದೆ ಬಂದಾಗ ಅಮ್ಮ ಇರಲಿಲ್ಲ. ನೀರಿತ್ತು. ಕೈಯಲ್ಲಿ ಮೊಗೆದು ಬಾಯಿಗೆ ಇಟ್ಟುಕೊಂಡಳು. ಉಪ್ಪು. ಅದರಲ್ಲಿ ಅಮ್ಮ ಎಷ್ಟು, ಅತ್ತೆ ಎಷ್ಟು, ಹೇಳಲು ಬರುವಂತಿರಲಿಲ್ಲ.

ಆಮೇಲೆ ನೋಡಿದಳು. ನೋಡುವುದೇ ಮುಂದಿನ ಕೆಲಸವಾಗಿತ್ತು. ಬಿಲ. ಸುತ್ತ ಉಂಡೆಗಳು.

ಏಡಿ ಎಲ್ಲವನ್ನೂ ಕಂಡಿತ್ತು. ಅವತ್ತಿನಿಂದ ಅದು ತೆರೆಯ ಮುಖಕ್ಕೆ ಮುಖ ಕೊಡಲಾರದೆ ಅಡ್ಡಡ್ಡ ನಡೆಯುತ್ತದೆ.

ಆದ್ದರಿಂದ ಮಗೂ, ನೀನು ಬರೆದ ಲೂಪ್ ನಿಲ್ಲದೆ ಪರದೆಯ ತುಂಬ ಒಂದೇ ಸಾಲು ಸುರಿಯತೊಡಗಿದರೆ ಕಂಪ್ಯೂಟರಿಗೆ ಬುದ್ಧಿ ಇಲ್ಲ ಅನ್ನಬೇಡ. ಅದು ಹೇಳಿದ್ದನ್ನು ಮಾಡುತ್ತಿದೆ, ಪಾಪ. ನಿಲ್ಲು ಅಂತ ನೀನು ಹೇಳಿರುತ್ತೀಯ. ನಿಲ್ಲುವುದಕ್ಕೆ ಆಗುವ ಹಾಗೆ ಹೇಳಿದ್ದೀಯಾ, ಅದನ್ನು ನೋಡು. ನೋಡುವ ಮೊದಲು ಮಲಗಬೇಡ.

ಇವತ್ತಿಗೂ ನೀನು ದಡದಲ್ಲಿ ನಿಂತರೆ ತೆರೆ ಮೇಲೆ ಬರುತ್ತಾಳೆ, ಒರೆಸುತ್ತಾಳೆ, ಹಿಂದೆ ಸರಿದು ಒಂದು ಗಳಿಗೆ ಉಸಿರು ಹಿಡಿದು ನೋಡುತ್ತಾಳೆ. ಅದೇ ಗಳಿಗೆಯಲ್ಲಿ ನಿನ್ನ ಕಾಲಿನ ಹತ್ತಿರ, ಪುಟ್ಟ ಬಿಲದ ಬಾಯಿಂದ, ಮರಳಿನ ಉಂಡೆಯೊಂದು ಹೊರಗೆ ಉರುಳುತ್ತದೆ.