ಮೂರನೆಯ ಕಂಬ

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಮಠದ ಬಾಗಿಲಿನಿಂದ ಸ್ನಾನದ ಕಟ್ಟೆಯವರೆಗೆ ಏಳು ಕಬ್ಬಿಣದ ದೀಪದ ಕಂಬಗಳು. ಮೂರು ತಿಂಗಳ ಹಿಂದೆ ಅವನ್ನು ನಿಲ್ಲಿಸಿ, ತಂತಿ ಎಳೆದು, ಬೆಳ್ಳಿಬಣ್ಣ ಬಳಿದವನು ಶಿಷ್ಯ ಫಕೀರೇಶ. ವೈರಿಂಗ್ ಕೆಲಸ ಕಲಿತ ಮೇಲೆ ಮಠಕ್ಕೆ ಬಂದವನು, ಆ ಹೆಮ್ಮೆಯನ್ನೂ ಜೊತೆಗೇ ತಂದವನು.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ಇಪ್ಪತ್ತು ವರ್ಷ ಲೈನ್‌ಮನ್ ಆಗಿದ್ದವರು. ಕರೆಂಟಿದ್ದರೆ ಬೆರಳು ಕಚ್ಚಿ ಹಿಡಿಯದಿರಲೆಂದು, ಈಗಲೂ ಏನನ್ನು ಮುಟ್ಟುವುದಿದ್ದರೂ ಮೊದಲು ಅಂಗೈಯ ಹಿಂಬದಿ ತಾಗಿಸುತ್ತಿದ್ದರು. ಭಕ್ತರ ತಲೆಯನ್ನೂ ಹಾಗೆಯೇ ಮುಟ್ಟುತ್ತಿದ್ದರು. ಭಕ್ತರು ಅದನ್ನೊಂದು ಮಹಿಮೆ ಎಂದೇ ತಿಳಿದಿದ್ದರು.

ಅವತ್ತು ನಸುಕಿನಲ್ಲಿ ಇನ್ನೂ ದೀಪ ಆರಿಸಿರಲಿಲ್ಲ. ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಬರುತ್ತಿದ್ದ ಶಾವಂತ್ರವ್ವ ಮೂರನೆಯ ಕಂಬಕ್ಕೆ ಕೈ ಊರಿದ್ದೇ ತಡ, ಚೀರಿ ಬಿದ್ದಳು. ಪುಣ್ಯಕ್ಕೆ ಕೈ ಬಿಟ್ಟುಕೊಂಡಿತು, ಜೀವ ಉಳಿಯಿತು.

ಫಕೀರೇಶ ಓಡಿಹೋಗಿ ಫ್ಯೂಸ್ ಕಿತ್ತ. ಕಿತ್ತದ್ದನ್ನು ಅಲ್ಲೇ ಇಡದೆ ಜೇಬಿಗೆ ಹಾಕಿಕೊಂಡ. ಅವನಿಗೆ ದ್ಯಾಮಣ್ಣನ ಮೇಲೆ ಅನುಮಾನ.

ದ್ಯಾಮಣ್ಣ ಮಠಕ್ಕೆ ಬಂದು ಆರು ತಿಂಗಳಾಗಿತ್ತು. ಹಿಂದೆ ತಾಮ್ರದ ತಂತಿ ಕದ್ದು ಜೈಲು ಕಂಡವನು. ಈಗ ಮೈಮುರಿದು ದುಡಿಯುತ್ತಿದ್ದ, ಮಾತು ಕಡಿಮೆ. ಮಾತು ಕಡಿಮೆ ಎನ್ನುವುದೇ ಫಕೀರೇಶನಿಗೆ ಮೊದಲ ಸಂಶಯ. ಎರಡನೆಯದು ಕೊಡ. ದಿನಾ ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ದ್ಯಾಮಣ್ಣ ಒಂದು ಕೊಡ ಹೊತ್ತು ಬೇಲಿಯ ಹಿಂದೆ ಹೋಗುತ್ತಿದ್ದ. ಹೋಗುವಾಗ ಕೊಡ ಭಾರ, ಬರುವಾಗ ಹಗುರ. ಕಳ್ಳ ಏನನ್ನೋ ಸಾಗಿಸುತ್ತಿದ್ದಾನೆ ಎಂದು ಫಕೀರೇಶ ಗಟ್ಟಿ ಮಾಡಿಕೊಂಡಿದ್ದ.

"ಅಜ್ಜಾರ, ಅರ್ಥಿಂಗ್ ತಂತಿ ಕದ್ದಾನ್ರಿ ಅಂವ," ಎಂದ. "ಅದು ಇದ್ದಿದ್ರ ಕಂಬಕ್ಕ ಬಂದ ಕರೆಂಟು ಮಣ್ಣಿಗೆ ಹೋಗ್ತಿತ್ತು. ಅವ್ವನ ಮೈಯಾಗ ಹರೀತಿದ್ದಿಲ್ಲ."

"ಕದಿಯೂದನ್ನ ನೀ ನೋಡಿದೇನು?"

"ನೋಡೂದೇನೈತ್ರಿ? ಜೈಲಿಗೆ ಹೋಗಿ ಬಂದಾಂವ. ಇವತ್ತ ಅಂವ ಇರಬೇಕು, ಇಲ್ಲಾ ನಾ ಇರಬೇಕು."

ಅಂಗಳದಲ್ಲಿದ್ದ ದ್ಯಾಮಣ್ಣನಿಗೆ ಇದು ಕೇಳಿಸಿತು. ಅವನು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದು ಹೊರಬಾಗಿಲ ಬಳಿ ಕುಳಿತ.

ಅಜ್ಜಾರು ಫಕೀರೇಶನ ಕೈಗೆ ಗುದ್ದಲಿ ಕೊಟ್ಟರು. "ಅಗಿ. ತಂತಿ ಎಲ್ಲಿ ಕಡದೈತಿ ತೋರಸು. ತೋರಿಸಿದ ಕೂಡ್ಲೆ ಅವನ್ನ ನಾನ ಕಳಸ್ತೀನಿ."

ಏಳೂ ಕಂಬಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಒಂದೇ ತಾಮ್ರದ ತಂತಿ ನೆಲದೊಳಗೆ ಸಾಗುತ್ತಿತ್ತು. ಕೊನೆಗೆ ಬೇಲಿಯ ಹಿಂದೆ, ಉಪ್ಪು-ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತ ತಗಡಿಗೆ ಸೇರುತ್ತಿತ್ತು. ಫಕೀರೇಶ ಮೂರನೆಯ ಕಂಬದ ಬುಡ ಅಗೆದ. ತಂತಿ ಇತ್ತು.

"ಮುಂದ ಕಡದಾನ್ರಿ."

"ಹಂಗಾರ ಮುಂದ ಅಗಿ."

ನಾಲ್ಕನೆಯದರ ಹತ್ತಿರವೂ ತಂತಿ ಇತ್ತು. ಐದನೆಯದರ ಹತ್ತಿರವೂ ಇತ್ತು. ಬಿಸಿಲು ನೆತ್ತಿಗೇರಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ತಂತಿ ಸಿಕ್ಕಷ್ಟೂ ಅವನಿಗೆ ಸಿಟ್ಟು ಏರುತ್ತಿತ್ತು. ಕದ್ದಿದ್ದರೇ ಚೆನ್ನಾಗಿತ್ತು ಎಂದು ಮನಸ್ಸು ಹೇಳುತ್ತಿತ್ತು.

ಕೊನೆಗೆ ಬೇಲಿಯ ಹಿಂದಿನ ಗುಂಡಿಗೆ ಬಂದ. ತಗಡೂ ಇತ್ತು, ತಂತಿಯೂ ಇತ್ತು. ಸುತ್ತಲಿನ ನೆಲ ಬೇಸಿಗೆಗೆ ಬಿರುಕು ಬಿಟ್ಟಿದ್ದರೂ ಗುಂಡಿಯ ಮಣ್ಣು ಮಾತ್ರ ಹಸಿಯಾಗಿತ್ತು. ಪಕ್ಕದಲ್ಲಿ ಕೊಡ ಇಟ್ಟ ದುಂಡನೆಯ ಗುರುತು.

ಫಕೀರೇಶ ಅದನ್ನೇ ನೋಡುತ್ತ ನಿಂತ.

"ಒಣಮಣ್ಣು ಕರೆಂಟು ತೊಗೊಳ್ಳೂದಿಲ್ಲ," ಎಂದರು ಅಜ್ಜಾರು. "ದಿನಾ ಒಂದು ಕೊಡ ನೀರು ಹಾಕಂತ ಯಾರಿಗೆ ಹೇಳಿದ್ದೆ?"

"ನನಗ್ರೀ. ಮರತಿದ್ದೆ."

"ಅವತ್ತ ಅಂವ ಅಲ್ಲೇ ಕಸಾ ಹೊಡೀತಿದ್ದ."

ಫಕೀರೇಶನ ಮುಖ ಸಣ್ಣದಾಯಿತು. ಆದರೂ ಸಂಶಯ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? "ತಂತಿ ಐತಿ, ಮಣ್ಣು ಹಸಿ ಐತಿ. ಮತ್ತ ಅವ್ವಗ ಹೆಂಗ ಹೊಡೀತ್ರಿ? ಕಂಬದಾಗರ ಏನೋ ಮಾಡ್ಯಾನ."

ಅಜ್ಜಾರು ಮೂರನೆಯ ಕಂಬಕ್ಕೆ ಬಂದು ಅಂಗೈಯ ಹಿಂಬದಿ ತಾಗಿಸಿದರು. ಆಮೇಲೆ ಕಂಬದ ಸಣ್ಣ ಬಾಗಿಲು ತೆಗೆದರು. ಒಳಗಿನ ಕೆಂಪು ವೈರಿನ ಮೈ ಕಬ್ಬಿಣದ ಅಂಚಿಗೆ ಉಜ್ಜಿ ಸವೆದಿತ್ತು.

"ನೋಡ್ರಿ!" ಎಂದ ಫಕೀರೇಶ.

"ಗಾಳಿಗೆ ಕಂಬ ಅಳ್ಳಾಡ್ತೈತಿ, ವೈರು ಸವೀತೈತಿ. ಇವತ್ತಲ್ಲ ನಾಳೆ ಸವೀಬೇಕಾದ್ದ. ಅದಕ್ಕಂತನ ಮಣ್ಣಿಗೆ ದಾರಿ ಮಾಡಿ ಇಡೂದು. ಆ ದಾರಿ ಎಲ್ಲಿ ನಿಂತೈತಿ, ನೋಡು."

ಅವರು ಜೋಳಿಗೆಯಿಂದ ಒಂದು ಬ್ಯಾಟರಿ ಸೆಲ್, ಅದಕ್ಕೆ ಕಟ್ಟಿದ ಪುಟ್ಟ ಬಲ್ಬು, ಎರಡು ತುಂಡು ವೈರು ತೆಗೆದರು. ಒಂದು ತುದಿ ತಾಮ್ರದ ತಂತಿಗೆ ಹಿಡಿದರು, ಇನ್ನೊಂದನ್ನು ಕಂಬದ ಒಳಗಿನ ಬರಿ ಕಬ್ಬಿಣಕ್ಕೆ. ಬಲ್ಬು ಹೊತ್ತಲಿಲ್ಲ; ತಂತಿಯಿಂದ ಕಂಬಕ್ಕೆ ಕರೆಂಟು ದಾಟುತ್ತಿರಲಿಲ್ಲ.

"ಬೋಲ್ಟ್ ಬಿಚ್ಚು."

ಕಂಬಕ್ಕೆ ತಾಮ್ರದ ತಂತಿ ಬಿಗಿದಿದ್ದ ಬೋಲ್ಟನ್ನು ಫಕೀರೇಶ ಬಿಚ್ಚಿದ. ತಂತಿ ಕೂತಿದ್ದ ಜಾಗದಲ್ಲಿ ಬೆಳ್ಳಿಬಣ್ಣ ಥಳಥಳ ಹೊಳೆಯುತ್ತಿತ್ತು.

"ಇದನ್ನ ಹಚ್ಚಿದಾಂವ ಯಾರು?"

"ನಾನ್ರೀ."

"ತಂತಿ ಬಿಗಿಯೂಕಿಂತ ಮೊದಲೋ, ಆಮ್ಯಾಲೋ?"

"ಮೊದಲ ಹಚ್ಚಿದೆರಿ. ಚಂದ ಕಾಣ್ಲಿ ಅಂತ ದಪ್ಪಗ ಹಚ್ಚಿದೆ. ಒಣಗಿದ ಮ್ಯಾಲ ಬಿಗಿದೆ."

ಅಜ್ಜಾರು ಒಂದು ಹೆಂಚಿನ ಚೂರು ಕೊಟ್ಟರು. ಅವನು ಬಣ್ಣ ಹೆರೆದ. ಕಬ್ಬಿಣ ಕಂಡ ಮೇಲೆ ತಂತಿಯನ್ನು ಮತ್ತೆ ಬಿಗಿದ. ಈ ಸಲ ಬಲ್ಬು ಹೊತ್ತಿತು.

ಏಳೂ ಕಂಬಗಳಿಗೆ ಅದೇ ಬಣ್ಣ. ಏಳನ್ನೂ ಬಳಿದವನು ಅವನೇ. ಮೂರು ತಿಂಗಳು ಎಷ್ಟು ಜನ ಒದ್ದೆ ಮೈಯಲ್ಲಿ ಆ ಕಂಬಗಳ ನಡುವೆ ಓಡಾಡಿದ್ದರು ಎಂದು ಫಕೀರೇಶ ನೆನೆದ. ಜೇಬಿನ ಫ್ಯೂಸ್ ತೆಗೆದು ಗುರುಗಳ ಕೈಗಿಟ್ಟ.

ಹೊರಬಾಗಿಲ ಬಳಿ ದ್ಯಾಮಣ್ಣ ಗಂಟು ಹಿಡಿದುಕೊಂಡು ಇನ್ನೂ ಕುಳಿತೇ ಇದ್ದ.

"ಅಂವಗ ನಾ ಏನಂತ ಹೇಳ್ಲಿರಿ, ಅಜ್ಜಾರ?" ಫಕೀರೇಶನಿಗೆ ಅಳು ಬಂದಿತ್ತು. "ನಾ ಅಂವಗ ಎಂದೂ ಒಂದು ಕೆಟ್ಟ ಮಾತು ಆಡಿದಾಂವಲ್ರಿ. ಅಣ್ಣಾ ಅಂತನ ಕರದೀನಿ. ಆರು ತಿಂಗಳು ಒಂದ ಪಂಕ್ತ್ಯಾಗ, ಮೈಗೆ ಮೈ ಹಚ್ಚಿ ಕುಂತು ಉಂಡೀನಿ."

ಅಜ್ಜಾರು ಬೆಳ್ಳಿಬಣ್ಣದ ಒಂದು ಚಕ್ಕೆಯನ್ನು ನೆಲದಿಂದ ಹೆಕ್ಕಿ ಅವನ ಅಂಗೈಗೆ ಹಾಕಿದರು.

"ಆ ತಂತೀನೂ ಮೂರು ತಿಂಗಳು ಈ ಕಂಬಕ್ಕ ಮೈ ಹಚ್ಚೇ ಕುಂತಿತ್ತಪಾ."